ಕರುಳಿನ ಉರಿಯೂತ ಆರದಿದ್ದಾಗ ವೈರಸ್ ಕಡೆಗೂ ನೋಡಬೇಕು

"ಸ್ಟೀರಾಯ್ಡ್ ಇಂಜೆಕ್ಷನ್ ಶುರುವಾಗಿ ಮೂರು ದಿನ ಆಯ್ತು ಡಾಕ್ಟ್ರೇ, ಇನ್ನೂ ರಕ್ತ ಹೋಗ್ತಾನೇ ಇದೆ."

ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಜೋರಾಗಿ ಅಡ್ಮಿಟ್ ಆದವರು ಹೀಗಂದಾಗ ನಾನು ಸುಮ್ನೆ ಡೋಸ್ ಏರಿಸುವುದಿಲ್ಲ. ಸ್ಕೋಪ್ ಹಾಕಿ, ಹುಣ್ಣಿನಿಂದ ಪೆನ್ಸಿಲ್ ಮೊನೆಯಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತೇನೆ. ಕೆಲವರ ಸ್ಲೈಡಿನಲ್ಲಿ, ಪಕ್ಕದವುಗಳಿಗಿಂತ ತುಂಬಾ ದೊಡ್ಡದಾಗಿ ಉಬ್ಬಿದ ಜೀವಕೋಶ ಕಾಣುತ್ತದೆ. ನಡುವೆ ಗಾಢ ಬಣ್ಣದ ಗುಂಡು, ಸುತ್ತ ತೆಳ್ಳಗಿನ ಬಿಳಿ ಬಳೆ. ಥೇಟ್ ಗೂಬೆಯ ಕಣ್ಣು! ಅದು ಸೈಟೊಮೆಗಾಲೋ ವೈರಸ್, ಅಂದರೆ ಸಿಎಂವಿ.

ಈ ವೈರಸ್ ಹೊಸದಾಗಿ ಬಂದದ್ದೇ ಆಗಬೇಕಿಲ್ಲ. ಬಹಳ ಜನರಿಗೆ ಯಾವಾಗಲೋ ತಗುಲಿ, ದೇಹದಲ್ಲೇ ಸದ್ದಿಲ್ಲದೆ ಉಳಿದಿರುತ್ತದೆ. ಉರಿಯೂತದ ಜೊತೆ, ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಕೂಡ ಸೇರಿದಾಗ ಮತ್ತೆ ಏಳಬಹುದು. ಹಾಗಾಗಿ ರಕ್ತದಲ್ಲಿ ಹಳೆಯ ಆಂಟಿಬಾಡಿ ಇದೆ ಅನ್ನುವ ರಿಪೋರ್ಟ್ ನೋಡಿ ಗಾಬರಿಯಾಗಬೇಡಿ. ಕರುಳಿನ ಚೂರಿನಲ್ಲೇ ವೈರಸ್ ಜಾಸ್ತಿ ಕಂಡರೆ ಗ್ಯಾನ್‌ಸಿಕ್ಲೋವಿರ್ ಎಂಬ ವೈರಸ್ ತಡೆಯುವ ಔಷಧಿ ಕೊಡುತ್ತೇವೆ.

ಇದು ಇದ್ದ ಬೆಂಕಿಗೆ ತುಪ್ಪ ಸುರಿಯುವ ವೈರಸ್. ಬೆಂಕಿ ಹಚ್ಚುವುದೂ ವೈರಸ್ಸೇನಾ?

ನನಗೆ ಇಲ್ಲಿ ತುಂಬಾ ಇಷ್ಟವಾದದ್ದು 2010ರ ಒಂದು ಇಲಿ ಪ್ರಯೋಗ. ಕರುಳಿನ ಇನ್ನೊಂದು ಉರಿಯೂತದ ಕಾಯಿಲೆಯಾದ ಕ್ರೋನ್ಸ್ ಜೊತೆ ನಂಟಿರುವ ಎಟಿಜಿ16ಎಲ್1 ಎಂಬ ಜೀನ್ ಸರಿಯಾಗಿ ಕೆಲಸ ಮಾಡದ ಇಲಿಗಳವು. ಸಣ್ಣ ಕರುಳಿನಲ್ಲಿ ರೋಗಾಣು ಕೊಲ್ಲುವ ರಸ ಸುರಿಸುವ ಪ್ಯಾನೆತ್ ಕೋಶಗಳು ಅವುಗಳಲ್ಲಿ ಕೆಟ್ಟಿದ್ದವು. ಅದೇ ಬಗೆಯ ಇಲಿಗಳನ್ನು ಇನ್ನೂ ಶುದ್ಧವಾದ ಜಾಗದಲ್ಲಿ ಬೆಳೆಸಿದರೆ ಕೋಶಗಳು ಸರಿಯಾಗೇ ಇದ್ದವು! ವ್ಯತ್ಯಾಸ ಮಾಡಿದ್ದು ಇಲಿಗಳ ನೊರೊವೈರಸ್. ಬರೀ ಜೀನ್‌ನಿಂದ ಆಗಲಿಲ್ಲ, ಬರೀ ವೈರಸ್‌ನಿಂದಲೂ ಆಗಲಿಲ್ಲ. ಎರಡೂ ಸೇರಿದ ಮೇಲೆ ಕರುಳಿಗೆ ರಾಸಾಯನಿಕದಿಂದ ಗಾಯ ಮಾಡಿದಾಗ ಕ್ರೋನ್ಸ್ ಹೋಲುವ ಲಕ್ಷಣಗಳು ಬಂದವು. ಆಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ತಗ್ಗಿಸಿದರೆ ಆ ಹಾನಿ ತಪ್ಪಿತು. ಒಂದೇ ಕಾಯಿಲೆಗೆ ಎಷ್ಟು ಕೈ ಸೇರಬೇಕು ನೋಡಿ.

ಇನ್ನು ಕರುಳಿನ ವೈರಸ್‌ಗಳಲ್ಲಿ ಹೆಚ್ಚಿನವು ನಮ್ಮ ಕೋಶಗಳನ್ನು ಮುಟ್ಟುವುದೇ ಇಲ್ಲ. ಅವು ಬ್ಯಾಕ್ಟೀರಿಯಾಗಳನ್ನು ಹಿಡಿಯುವ ಫೇಜ್‌ಗಳು. ಕ್ರೋನ್ಸ್ ಮತ್ತು ಕೊಲೈಟಿಸ್ ಇರುವವರಲ್ಲಿ ಫೇಜ್‌ಗಳ ಬಗೆಗಳು ಜಾಸ್ತಿ ಎಂದು 2015ರಲ್ಲಿ ವರದಿಯಾಯಿತು. ಫೇಜ್ ಒಡೆದ ಬ್ಯಾಕ್ಟೀರಿಯಾದ ಚೂರುಗಳು ನಮ್ಮ ರೋಗನಿರೋಧಕ ಕೋಶಗಳನ್ನು ಕೆರಳಿಸಬಲ್ಲವು. ಆದರೆ ಜೊತೆಗೆ ಕಂಡದ್ದೆಲ್ಲ ಕಾರಣವೇ ಆಗಬೇಕಿಲ್ಲ. ಉರಿಯೂತದಿಂದ ಬ್ಯಾಕ್ಟೀರಿಯಾ ಬದಲಾಗಿ, ಅದರ ಹಿಂದೆ ಫೇಜ್‌ಗಳೂ ಬದಲಾಗಿರಬಹುದು, ಅಲ್ವಾ?

"ಹಾಗಾದ್ರೆ ನನಗೂ ವೈರಸ್ ಮಾತ್ರೆ ಕೊಡಿ" ಅಂತ ಕೇಳುವವರಿದ್ದಾರೆ. ಬಯಾಪ್ಸಿಯಲ್ಲಿ ಸಿಎಂವಿ ಕಾಣದಿದ್ದರೆ ನಾನು ಕೊಡುವುದಿಲ್ಲ. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಲೂಬೇಡಿ. ದಿನಕ್ಕೆ ಎಷ್ಟು ಸಲ ಹೋಗುತ್ತೀರಿ, ಎಷ್ಟು ಸಲ ರಕ್ತ ಕಂಡಿತು, ರಾತ್ರಿ ಎಷ್ಟು ಸಲ ಎದ್ದಿರಿ, ಬರೆದಿಟ್ಟುಕೊಂಡು ಬನ್ನಿ. ಆ ಚೀಟಿ ನೋಡಿಯೇ ಎಷ್ಟೋ ಸಲ ನಾನು ಸ್ಕೋಪ್ ಬೇಗ ಮಾಡಿದ್ದೇನೆ.