ಪರ್ಮಿಟ್ ಅರ್ಜಿ ಹಾಕುವ ಮೊದಲು, ಗಾಡಿ ಕೊಳ್ಳುವುದಕ್ಕೂ ಮೊದಲು

ಲಾರಿ ನೋಡಿಟ್ಟಿದ್ದೇನೆ, ಸರಕು ಸಾಗಿಸಲು ಪರ್ಮಿಟ್ ಮಾಡಿಸಿಕೊಡಿ ಎಂದು ಬರುವವರನ್ನು ನಾನು ಮೊದಲು ಕೇಳುವುದು ಏನು ಲೋಡ್, ಎಲ್ಲಿಗೆ ಎಂದು. ಮಲ್ಪೆಯ ಮೀನೋ, ಪಣಂಬೂರು ಬಂದರಿನ ಸರಕೋ, ಕೆಂಪುಕಲ್ಲೋ? ಊರೊಳಗೇ ಓಡುತ್ತದೋ, ತಲಪಾಡಿ ಗಡಿ ದಾಟಿ ಕೇರಳಕ್ಕೆ ಹೋಗುತ್ತದೋ? ಹೆಚ್ಚಿನವರು ಇದನ್ನು ಯೋಚಿಸುವಷ್ಟರಲ್ಲಿ ಅಡ್ವಾನ್ಸ್ ಕೊಟ್ಟಾಗಿರುತ್ತದೆ. "ಅದೆಲ್ಲ ಏಜೆಂಟ್ ನೋಡ್ತಾರೆ ಮಾರಾಯ್ರೆ" ಎನ್ನುತ್ತಾರೆ. ಏಜೆಂಟ್ ಅರ್ಜಿ ತುಂಬಿಕೊಡಬಹುದು. ಆದರೆ ತಪ್ಪು ಗಾಡಿ ತೆಗೆದುಕೊಂಡಿದ್ದರೆ ಅದನ್ನು ಸರಿ ಮಾಡಲು ಅವರಿಂದಲೂ ಆಗುವುದಿಲ್ಲ.

ಮೊದಲು ತೂಕ ನೋಡಿ. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಗಾಡಿ ಮತ್ತು ಲೋಡ್ ಸೇರಿದ ಒಟ್ಟು ತೂಕ ಬರೆದಿರುತ್ತದೆ. ಅದು 3,000 ಕೆಜಿ ಮೀರದಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಬೇಡ. ಸಣ್ಣ ಟೆಂಪೊಗಳು ಇದರೊಳಗೆ ಬರುತ್ತವೆ. ಪಿಕಪ್‌ಗಳಲ್ಲಿ ಮಾತ್ರ ಜಾಗ್ರತೆ ಬೇಕು. ನೋಡಲು ಒಂದೇ ಥರ ಇರುವ ಎರಡು ಮಾಡೆಲ್‌ಗಳಲ್ಲಿ ಒಂದು 3,000ದ ಒಳಗೆ, ಇನ್ನೊಂದು ಹೊರಗೆ ಇರಬಹುದು. ಶೋರೂಮಿನಲ್ಲಿ ಇಎಂಐ ಕೇಳುವ ಮೊದಲು ಇದನ್ನು ಕೇಳಿ.

ಆಮೇಲೆ ದಾರಿ. ನಮ್ಮ ಕರಾವಳಿಯವರಿಗೆ ಇದು ದೊಡ್ಡ ವಿಷಯ. ಮಂಗಳೂರಿನಿಂದ ಸ್ವಲ್ಪ ದೂರ ಹೋದರೆ ಸಾಕು, ಕೇರಳ ಬಂತು. ರಾಜ್ಯದೊಳಗಿನ ಗೂಡ್ಸ್ ಪರ್ಮಿಟ್ ಇಟ್ಟುಕೊಂಡು ಕಾಸರಗೋಡಿಗೆ ಲೋಡ್ ಒಯ್ಯುವಂತಿಲ್ಲ. ಹೊರರಾಜ್ಯದ ಬಾಡಿಗೆ ಆಗಾಗ ಸಿಗುವುದಾದರೆ ನ್ಯಾಷನಲ್ ಪರ್ಮಿಟ್ ಮಾಡಿಸುವುದೇ ಸರಿ. ಅದಕ್ಕೆ ವರ್ಷಕ್ಕೆ ಎಲ್ಲ ರಾಜ್ಯಕ್ಕೂ ಸೇರಿ 16,500 ರೂ. ಶುಲ್ಕ, ಜೊತೆಗೆ 1,000 ರೂ. ಆಥರೈಸೇಶನ್ (ಹೊರರಾಜ್ಯದಲ್ಲಿ ಓಡಿಸುವ ಅನುಮತಿ) ಶುಲ್ಕ. ಪರ್ಮಿಟ್ ಐದು ವರ್ಷದ್ದಾದರೂ ಆಥರೈಸೇಶನ್ ವರ್ಷ ವರ್ಷ ಮಾಡಿಸಬೇಕು. ಇದನ್ನು ಬಾಡಿಗೆಯ ಲೆಕ್ಕದಲ್ಲಿ ಮೊದಲೇ ಸೇರಿಸಿ.

ನ್ಯಾಷನಲ್ ಪರ್ಮಿಟ್ ಇದ್ದರೂ ಒಂದು ಕಟ್ಟುಪಾಡು ಇದೆ. ಬೇರೆ ರಾಜ್ಯದ ಒಂದು ಊರಿನಲ್ಲಿ ತುಂಬಿ, ಅದೇ ರಾಜ್ಯದ ಇನ್ನೊಂದು ಊರಿನಲ್ಲಿ ಇಳಿಸುವಂತಿಲ್ಲ. ಕೋಝಿಕ್ಕೋಡಿನಲ್ಲಿ ಮೀನು ಇಳಿಸಿ ಬರುವಾಗ ಮಂಗಳೂರಿಗೆ ಲೋಡ್ ತರಬಹುದು. ಕಾಸರಗೋಡಿಗೆ ತರುವಂತಿಲ್ಲ. ಖಾಲಿ ಬರುವುದು ಯಾಕೆ, ದಾರಿಯಲ್ಲೇ ಇದೆಯಲ್ಲ ಎಂದು ಡ್ರೈವರ್‌ಗೆ ಅನಿಸುವುದು ಸಹಜ. ಅವನಿಗೆ ನೀವೇ ಮೊದಲು ಹೇಳಿಡಬೇಕು.

ಸೆಕೆಂಡ್‌ಹ್ಯಾಂಡ್ ಲಾರಿ ತೆಗೆದುಕೊಳ್ಳುವವರ ಬಗ್ಗೆ ನನಗೆ ಜಾಸ್ತಿ ಚಿಂತೆ. ಎರಡು ಆಕ್ಸಲ್‌ನ ಲಾರಿಗೆ 12 ವರ್ಷ, ಅದಕ್ಕಿಂತ ಹೆಚ್ಚು ಆಕ್ಸಲ್ ಇರುವ ಮಲ್ಟಿ ಆಕ್ಸಲ್‌ಗೆ 15 ವರ್ಷ ದಾಟಿದರೆ ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ. ಕಡಿಮೆಗೆ ಸಿಕ್ಕಿತೆಂದು 11 ವರ್ಷದ ಲಾರಿ ತಂದು, ಕೇರಳದ ಬಾಡಿಗೆ ನಂಬಿ ಸಾಲ ಮಾಡಿದರೆ ಮುಂದೇನು? ಹಿಂದಿನವರ ಟ್ಯಾಕ್ಸ್ ಬಾಕಿ, ಇ-ಚಲನ್, ಫೈನಾನ್ಸ್ ಸಾಲ, ಎಲ್ಲವನ್ನೂ ದುಡ್ಡು ಕೊಡುವ ಮೊದಲೇ ನೋಡಿ. ಗಾಡಿಯನ್ನೂ ಕೆಳಗೆ ಬಗ್ಗಿ ನೋಡಿ. ಮೀನಿನ ಲಾರಿಗಳಲ್ಲಿ ಉಪ್ಪುನೀರು ಇಳಿದು ಚಾಸಿಗೆ ತುಕ್ಕು ಹಿಡಿದಿರುತ್ತದೆ. ಪೇಂಟ್ ಹೊಡೆದರೆ ಮೇಲಿನಿಂದ ಗೊತ್ತೇ ಆಗುವುದಿಲ್ಲ. ಹೊಸ ಗಾಡಿಗೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಫಿಟ್‌ನೆಸ್ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಸಿಗುತ್ತದೆ. ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಬೇಕು. ಎಫ್‌ಸಿ ಇಲ್ಲದ ಗಾಡಿಗೆ ಪರ್ಮಿಟ್ ಇದ್ದೂ ಪ್ರಯೋಜನವಿಲ್ಲ.

ಇಷ್ಟಾದ ಮೇಲೆ ಅರ್ಜಿಯ ಕೆಲಸ ಸುಲಭ. ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಟ್ಯಾಕ್ಸ್, ಎಮಿಷನ್ ಎಲ್ಲ ಚಾಲ್ತಿಯಲ್ಲಿರಲಿ. ನಿಮ್ಮ ಹೆಸರು, ವಿಳಾಸ ಎಲ್ಲದರಲ್ಲೂ ಒಂದೇ ಥರ ಇರಲಿ. ನಮ್ಮಲ್ಲಿ ಒಂದು ಕಾಗದದಲ್ಲಿ ಮನೆತನದ ಹೆಸರು ಇರುತ್ತದೆ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಉಳಿದದ್ದನ್ನು ಮೊದಲು ಸರಿಮಾಡಿಸಿ.

ಡ್ರೈವರ್‌ನ ಲೈಸೆನ್ಸ್ ಕೂಡ ತಯಾರಿಯ ಭಾಗವೇ. ಒಟ್ಟು ತೂಕ 7,500 ಕೆಜಿ ಒಳಗಿನ ಸಾಗಾಟದ ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದವರು ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ. ಅದಕ್ಕಿಂತ ದೊಡ್ಡ ಗಾಡಿಗೆ ಆ ತರಗತಿಯ ಲೈಸೆನ್ಸೇ ಬೇಕು. ಗ್ಯಾಸ್, ಪೆಟ್ರೋಲ್ ಟ್ಯಾಂಕರ್ ಆದರೆ ಅಪಾಯಕಾರಿ ಸರಕಿನ ತರಬೇತಿಯೂ ಆಗಿರಬೇಕು.

ಎರಡು ದಿನ ಪರ್ಮಿಟ್ ಇಲ್ಲದೆ ಓಡಿಸಿದರೆ ಏನಾಯ್ತು, ಹೆಚ್ಚೆಂದರೆ ಫೈನ್ ಅಲ್ವಾ ಎಂದು ಕೇಳುವವರಿದ್ದಾರೆ. ಫೈನೇ 10,000 ರೂ. ಆರು ತಿಂಗಳವರೆಗೆ ಜೈಲು ಎಂದೂ ಕಾಯ್ದೆಯಲ್ಲಿದೆ. ನನಗೆ ಹೆದರಿಕೆ ಅದಲ್ಲ. ಆ ಎರಡು ದಿನದಲ್ಲಿ ಶಿರಾಡಿ ಘಾಟಿಯಲ್ಲಿ ಅಪಘಾತವಾಗಿ ಯಾರಾದರೂ ತೀರಿಕೊಂಡರೆ? ಪರ್ಮಿಟ್ ಇಲ್ಲದೆ ಓಡಿಸುವುದು ಪಾಲಿಸಿಯ ಮೂಲ ಷರತ್ತನ್ನೇ ಮುರಿದಂತೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ವಿಮಾ ಕಂಪನಿ ಮೃತರ ಮನೆಯವರಿಗೆ ಪರಿಹಾರ ಕೊಟ್ಟು, ಆ ದುಡ್ಡನ್ನು ಗಾಡಿ ಮಾಲೀಕರಿಂದ ವಸೂಲು ಮಾಡಬಹುದು. ಒಂದು ಲಾರಿ ನಂಬಿ ಬದುಕುವ ಮನೆಗೆ ಮನೆ, ಜಾಗ ಎಲ್ಲ ಹೋಗುವಷ್ಟು ದೊಡ್ಡ ಮೊತ್ತ ಅದು.

ನಿಮ್ಮ ಗಾಡಿ ಮಾತ್ರವಲ್ಲ, ಬೈಕಂಪಾಡಿಯಲ್ಲೋ ಬಂದರಿನಲ್ಲೋ ಆಫೀಸು ತೆರೆದು ಎಲ್ಲರ ಸರಕು ಸಾಗಿಸುವ ಟ್ರಾನ್ಸ್‌ಪೋರ್ಟ್ ವ್ಯವಹಾರ ಮಾಡುವುದಾದರೆ ಬರೀ ಪರ್ಮಿಟ್ ಸಾಲದು. 2007ರ ರಸ್ತೆ ಸಾಗಾಟ ಕಾಯ್ದೆಯಡಿ ನೋಂದಣಿಯೂ ಬೇಕು. ಅದು ಹತ್ತು ವರ್ಷಕ್ಕೆ ಸಿಗುತ್ತದೆ.

ಪರ್ಮಿಟ್ ಕೈಗೆ ಬಂದ ದಿನವೇ ಮುಗಿಯುವ ತಾರೀಖು ಬರೆದಿಡಿ. ನವೀಕರಣದ ಅರ್ಜಿ ಕಡಿಮೆಯೆಂದರೆ 15 ದಿನ ಮೊದಲೇ ಹೋಗಬೇಕು. ಸಾಲ ಇರುವ ಗಾಡಿಗೆ ಆಗ ಫೈನಾನ್ಸ್‌ನವರ ಎನ್‌ಒಸಿಯೂ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು. ಅದಕ್ಕೂ ಸಮಯ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಮನೆಯವರಿಗೂ ತಿಳಿದಿರಲಿ. ಮಾಲೀಕರು ತೀರಿಕೊಂಡರೆ ಅವರ ಹೆಸರಿನ ಪರ್ಮಿಟ್‌ನಲ್ಲಿ ಲಾರಿ ಸುಮ್ನೆ ಓಡಿಸುತ್ತಾ ಇರುವಂತಿಲ್ಲ. ಗಾಡಿ ಯಾರ ಕೈಗೆ ಬರುತ್ತದೋ ಅವರು 30 ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿದರೆ ಮೂರು ತಿಂಗಳವರೆಗೆ ಓಡಿಸಬಹುದು. ಆ ಮೂರು ತಿಂಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಉತ್ತರಕ್ರಿಯೆಯ ಓಡಾಟದಲ್ಲಿ ಯಾರಿಗೂ ಇದು ನೆನಪಾಗುವುದಿಲ್ಲ. ಪರ್ಮಿಟ್ ಎಲ್ಲಿಟ್ಟಿದ್ದೀರಿ ಎಂದು ಹೆಂಡತಿಗೋ ಮಕ್ಕಳಿಗೋ ಹೇಳುವಾಗ ಈ 30 ದಿನದ ಮಾತನ್ನೂ ಹೇಳಿಡಿ.