ಪ್ಯಾಟಿ ದರದ ಪಕ್ಕ ಪೆನ್ಸಿಲ್ ಲೆಕ್ಕ

ಹೋದ ತಿಂಗಳು ಅಳವಂಡಿ ಕಡೆಯ ಹುಡುಗ ಒಬ್ಬ ನಮ್ಮ ಕಾಲೇಜ್ ಲೈಬ್ರರಿಗೆ ಬಂದಿದ್ದ, ಕೈಯಾಗ ನಾಲ್ಕು ಮಡಿಕಿ ಮಾಡಿದ ಹಳೇ ಪೇಪರ್ ಹಾಳೆ. "ಸರ್ರ, ಮುತ್ಯಾನ ಟ್ರಂಕಿನ ತಳಕ್ಕ ಹಾಸಿದ್ದು, ರದ್ದಿಗೆ ಹಾಕೋದೋ ಇಡೋದೋ ನೀವ ಹೇಳ್ರಿ" ಅಂದ. ಬಿಡಿಸಿ ನೋಡಿದ್ರ 1945ರ ಡಿಸೆಂಬರ್ ಪೇಪರ್. ಹತ್ತಿ ಪ್ಯಾಟಿ ದರ 42 ಅಂತ ಅಚ್ಚಾಗೇತಿ, ಪಕ್ಕದಾಗ ಅವರ ಮುತ್ಯಾ ಪೆನ್ಸಿಲ್‌ಲೆ 49 ಅಂತ ಬರದು ಕೆಳಗ "ಬಹಮನ್ 1355" ಅಂತ ಹಾಕ್ಯಾರ. ಮುತ್ಯಾ ಲೆಕ್ಕ ತಪ್ಪ್ಯಾರ ಅಂತ ಹುಡುಗ ತಿಳಕೊಂಡಿದ್ದ.

ತಪ್ಪಿಲ್ಲ. ಅವಾಗ ನಮ್ಮ ಕೊಪ್ಪಳ, ಅಳವಂಡಿ ಎಲ್ಲಾ ಹೈದರಾಬಾದ್ ನಿಜಾಮನ ರಾಜ್ಯದಾಗಿತ್ತು, ರೊಕ್ಕನೂ ಬ್ಯಾರೆ. ಬ್ರಿಟಿಷರ ರೂಪಾಯಿಗೆ ಕಲ್ದಾರ್ ಅಂತಿದ್ರು, ನಿಜಾಮಂದು ಹಾಲಿ. 6 ಕಲ್ದಾರ್ ಅಂದ್ರ 7 ಹಾಲಿ, ಹಿಂಗಾಗಿ ಪೇಪರಿನ್ಯಾಗಿನ 42 ಕಲ್ದಾರ್‌ಗೆ ಸರಿಯಾಗಿ ಮುತ್ಯಾನ 49 ಹಾಲಿ. ಬಹಮನ್ ಅನ್ನೋದು ನಿಜಾಮನ ಕಡೆ ಫಸಲಿ, ಅಂದ್ರ ಕಂದಾಯದ ಲೆಕ್ಕದ ವರ್ಷದ ತಿಂಗಳು, ಡಿಸೆಂಬರ್ ಮೊದಲ ವಾರದಾಗ ಶುರು ಆಗ್ತಿತ್ತು.

ನಮ್ಮ ಭಾಗದ ಹಳೇ ಪೇಪರ್ ಓದೋರಿಗೆ ನಾ ಮೊದಲು ಹೇಳೋದ ಇದು, ಸುದ್ದಿ ಆಮ್ಯಾಲೆ ಓದ್ರಿ, ಹಾಳಿ ತುಂಗಭದ್ರಾ ಹೊಳಿ ಆಚಿ ಕಡೆದೋ ಈಚಿ ಕಡೆದೋ ನೋಡ್ರಿ. ಬಳ್ಳಾರಿಯಿಂದ ಗದಗಕ್ಕ ರೈಲು ಹತ್ತಿದ್ರ ಹೊಸಪೇಟೆ ತನಕ ಮದ್ರಾಸ್ ಪ್ರಾಂತ್ಯ, ತುಂಗಭದ್ರಾ ಸೇತುವೆ ದಾಟಿದ್ರ ನಿಜಾಮನ ಕರೋಡಗಿರಿ ಸುಂಕ, ಗದಗದಾಗ ಇಳಿದ್ರ ಮುಂಬಯಿ ಪ್ರಾಂತ್ಯ, ಒಂದ ದಿನದಾಗ ಮೂರು ಸರ್ಕಾರ. ತುಂಗಭದ್ರಾ ಡ್ಯಾಮಿಗೂ 1945ರ ಫೆಬ್ರವರಿ 28ಕ್ಕ ಎರಡೂ ದಂಡಿಗೆ ಬ್ಯಾರೆ ಬ್ಯಾರೆ ಅಡಿಗಲ್ಲು ಬಿತ್ತು. ಪೇಪರ್ ಅಚ್ಚಾಗೋ ಊರೂ ಬದಲಾಗ್ತಿತ್ತು. 1843ರಾಗ ಮಂಗಳೂರಾಗ ಕಲ್ಲಚ್ಚಿನ್ಯಾಗ (ಕಲ್ಲಿನ ಮ್ಯಾಲೆ ಬರದು ಒತ್ತೋದು) ಶುರುವಾದ ಮಂಗಳೂರು ಸಮಾಚಾರ ಪೇಪರ್ ಮರುವರ್ಷನ ಬಳ್ಳಾರಿಗೆ ಬಂತು, ಯಾಕಂದ್ರ ಬಳ್ಳಾರಿ ಮಿಷನ್ ಪ್ರೆಸ್ಸಿನ್ಯಾಗ ಕನ್ನಡ ಅಚ್ಚುಮೊಳಿ ಇದ್ವು, ಹೆಸರೂ ಕನ್ನಡ ಸಮಾಚಾರ ಆತು.

ಫಸಲಿ ವರ್ಷದಾಗ ಭಾಳ ಮಂದಿ ಎಡವ್ತಾರ. ಬಳ್ಳಾರಿ ಕಂದಾಯ ಕಾಗದದಾಗೂ ಫಸಲಿನ ಇತ್ತು ಖರೆ, ಆದ್ರ ಮದ್ರಾಸಿನೋರದು ಜುಲೈ 1ಕ್ಕ ಬದಲಾಗ್ತಿತ್ತು, ನಿಜಾಮಂದು ಅಕ್ಟೋಬರ್ ಮೊದಲ ವಾರದಾಗ. ಅಂದ್ರ 1947ರ ಆಗಸ್ಟ್ 15 ಬಳ್ಳಾರಿ ಕಾಗದದಾಗ ಫಸಲಿ 1357, ಕೊಪ್ಪಳ ಕಾಗದದಾಗ 1356. ಅವತ್ತು ಬಳ್ಳಾರ್‍ಯಾಗ ಬಾವುಟ ಹಾರಿತು, ನಮ್ಮ ಕೊಪ್ಪಳದೋರು ನಿಜಾಮನ ಆಳ್ವಿಕೆ ಮುಗಿಯೋ 1948ರ ಸೆಪ್ಟೆಂಬರ್ 17ರ ತನಕ ಕಾಯಬೇಕಾತು. ಆ ಹದಿಮೂರು ತಿಂಗಳ ಪೇಪರ್ ಕೈಗೆ ಬಂದ್ರ ನಾನು ಮುಂಡರಗಿ, ಗಜೇಂದ್ರಗಡ ಅಂತ ಊರ ಹೆಸರಿರೋ ಸಣ್ಣ ಸುದ್ದಿ ಹುಡುಕ್ತೀನಿ. ನಿಜಾಮನ ವಿರುದ್ಧ ಹೋರಾಡೋರ ಗಡಿ ಆಚಿ ಶಿಬಿರ ಇದ್ದದ್ದು ಅಲ್ಲೇ, ಮುಂಡರಗಿ ಶಿಬಿರ ನಡೆಸಿದವ್ರು ಇದೇ ಅಳವಂಡಿಯ ಶಿವಮೂರ್ತಿಸ್ವಾಮಿಗಳು.

ನನಗ ಹೊಟ್ಟಿ ಉರಿಯೋದು ಕತ್ತರಿ ಹಾಕೋದು ನೋಡಿದ್ರ. ಒಂದು ಕಡೆ ಹಳೇ ಫೈಲ್ ಸ್ಕ್ಯಾನ್ ಮಾಡ್ಸಿದವ್ರು ದೊಡ್ಡ ಸುದ್ದಿ ಅಷ್ಟ ಕಟ್ ಮಾಡಿ ಇಟಗೊಂಡು ಉಳಿದದ್ದು ರದ್ದಿಗೆ ಹಾಕಿದ್ರು, ಪ್ಯಾಟಿ ದರ, ನಾಟಕ ಕಂಪನಿ ಜಾಹೀರಾತು, ಎತ್ತು ಕಳದೈತಿ ಅನ್ನೋ ನೋಟೀಸು ಎಲ್ಲಾ ಹೋತು. ನಾಯಕರ ಭಾಷಣ ಇನ್ನೊಂದು ಕಡಿ ಸಿಕ್ಕೀತು, ಎತ್ತಿನ ನೋಟೀಸು ಎಲ್ಲಿ ಸಿಗತೈತಿ?

ನಿಮ್ಮ ಮನ್ಯಾಗ ಇಂಥಾದ್ದು ಇದ್ರ ಗಮ್ ಟೇಪ್ ಹಚ್ಚಬ್ಯಾಡ್ರಿ, ಲ್ಯಾಮಿನೇಶನ್ ಅಂತೂ ಬ್ಯಾಡೇ ಬ್ಯಾಡ. ಬಿಸಲಿಗೆ ಹಿಡೀಬ್ಯಾಡ್ರಿ, ನೆರಳಿನ ಬೆಳಕಿನ್ಯಾಗ ನಾಲ್ಕೂ ಅಂಚು ಕಾಣೋಹಂಗ ಪೂರಾ ಹಾಳಿ ಫೋಟೋ ತಗೀರಿ, ಎರಡೂ ಮಗ್ಗಲು. ಪೆನ್ಸಿಲ್ ಗುರುತು ಅಳಿಸಬ್ಯಾಡ್ರಿ.

ಆ ಹುಡುಗಗ 42ನ್ನ 6ಲೆ ಭಾಗಿಸಿ 7ಲೆ ಗುಣಿಸು ಅಂದೆ. ಫೋನಿನ್ಯಾಗ ಮಾಡಿ ನೋಡಿ ಸುಮ್ನ ಕುಂತ, ಆಮ್ಯಾಲೆ ಹಾಳಿ ಮೆಲ್ಲಕ ತನ್ನ ಕಡಿ ಎಳಕೊಂಡ. ಇನ್ನೊಂದು ಟ್ರಂಕ್ ಅಟ್ಟದ ಮ್ಯಾಲೆ ಐತಂತ, ಅಮವಾಸಿ ಮುಗದ ಮ್ಯಾಲೆ ಇಳಿಸ್ತೀನಿ ಅಂದಾನ.