ಅಜ್ಜನ ಹುಟ್ಟಿದ ದಿನ ತಿದ್ದಬೇಡಿ, ಮಾರಾಯ್ರೆ

ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ ಮನೆತನದವರು ನನ್ನ ಟೇಬಲ್ಲಿಗೆ ತರುವ ವಂಶಾವಳಿ ನೋಟ್‌ಬುಕ್ಕುಗಳ ಮೊದಲ ಪುಟದಲ್ಲಿ ಆಗಾಗ ಒಂದು ಸಾಲು ಇರುತ್ತದೆ: ‘ತಪ್ಪುಗಳನ್ನು ಸರಿಪಡಿಸಿ ಬರೆದಿದ್ದೇನೆ.’ ಅದನ್ನು ಓದಿದ ಕೂಡಲೇ ನನಗೆ ತಲೆಬಿಸಿ ಶುರು. ಏನು ತಪ್ಪಿತ್ತು? ಯಾವುದನ್ನು ಸರಿಪಡಿಸಿದಿರಿ? ಮೂಲ ಎಲ್ಲಿ? ಮೂರನೆಯ ಪ್ರಶ್ನೆಗೆ ಹೆಚ್ಚಾಗಿ ಸಿಗುವ ಉತ್ತರ, ‘ಅದು ತುಂಬಾ ಹಳೆಯದಾಗಿತ್ತು, ಬಿಡಿ.’

ಕೆನಡಾದ ಮ್ಯಾನಿಟೋಬಾದಲ್ಲಿ ಹಳೆಯ ಕಾಗದಪತ್ರ ಕಾಯುವುದು ನನ್ನ ಕೆಲಸ. ಮೆನೊನೈಟರು ಅಂದರೆ ಕುದುರೆಗಾಡಿಯಲ್ಲಿ ಓಡಾಡುವವರಾ ಅಂತ ಊರಿನವರು ಕೇಳುತ್ತಾರೆ. ಕೆಲವರು ಹೌದು. ನನ್ನ ಹತ್ತಿರ ಬರುವವರೆಲ್ಲ ಕಾರಿನಲ್ಲೇ ಬರುತ್ತಾರೆ, ಪಾರ್ಕಿಂಗ್ ಬಗ್ಗೆ ಗೊಣಗುತ್ತಾರೆ. ಡಚ್ ಪಾದ್ರಿ ಮೆನ್ನೊ ಸೈಮನ್ಸ್ 1536ರಲ್ಲಿ ಕ್ಯಾಥೊಲಿಕ್ ಚರ್ಚ್ ಬಿಟ್ಟ. ಈ ಪಂಗಡದ ಹೆಸರು ಅವನಿಂದ ಬಂದದ್ದು. ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ಯುದ್ಧಕ್ಕೆ ಹೋಗುವುದಿಲ್ಲ ಅಂದವರಿಗೆ ಒಂದು ಕಡೆ ನೆಮ್ಮದಿಯಾಗಿ ಇರಲು ಯಾರು ಬಿಡುತ್ತಾರೆ? ಹಾಲೆಂಡ್ ಕಡೆಯಿಂದ ಈಗಿನ ಪೋಲೆಂಡಿನ ವಿಸ್ಟುಲಾ ನದೀಮುಖಕ್ಕೆ ಹೋದರು. ಅಲ್ಲಿಂದ ಈಗಿನ ಉಕ್ರೇನಿಗೆ: 1789ರಲ್ಲಿ ಖೊರ್ಟಿಟ್ಸಾ, 1804ರಲ್ಲಿ ಮೊಲೊಚ್ನಾ. 1874ರಿಂದ ಮ್ಯಾನಿಟೋಬಾ ಮತ್ತು ಕ್ಯಾನ್ಸಾಸ್. 1920ರ ದಶಕದಲ್ಲಿ ಇಲ್ಲಿಂದ ಒಂದಷ್ಟು ಜನ ಮೆಕ್ಸಿಕೊ, ಪರಾಗ್ವೆಗೆ ಹೊರಟರು. ಅದೇ ದಶಕದಲ್ಲಿ ಕ್ರಾಂತಿಯ ನಂತರದ ರಷ್ಯಾದಿಂದ ಸುಮಾರು 20,000 ಮಂದಿ ಕೆನಡಾಕ್ಕೆ ಬಂದರು. ಸ್ವಿಟ್ಜರ್ಲೆಂಡ್ ಮೂಲದ ಮೆನೊನೈಟರ ದಾರಿ ಬೇರೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಹೊರಟಾಗಲೆಲ್ಲ ಪೆಟ್ಟಿಗೆಯಲ್ಲಿ ಬೈಬಲ್ ಇರುತ್ತಿತ್ತು. ಅದರ ಖಾಲಿ ಹಾಳೆಗಳಲ್ಲಿ ಮಕ್ಕಳ ಹುಟ್ಟು, ಸಾವು. ಒಂದೆರಡು ತಲೆಮಾರಿಗೊಮ್ಮೆ ಯಾರೋ ಪುಣ್ಯಾತ್ಮರು ಕೂತು ಅದನ್ನು ಹೊಸ ಪುಸ್ತಕಕ್ಕೆ ಇಳಿಸಿದರು. ಅವರು ಇಳಿಸಿದ್ದಕ್ಕೇ ಇವತ್ತು ಏನಾದರೂ ಉಳಿದಿದೆ, ನಿಜ. ಆದರೆ ಸುಮ್ನೆ ಇಳಿಸಲಿಲ್ಲ, ತಿದ್ದುತ್ತಾ ಇಳಿಸಿದರು.

ತಾರೀಖಿನ ವಿಷಯವನ್ನೇ ತೆಗೆದುಕೊಳ್ಳಿ. ವಿಸ್ಟುಲಾ ಕಡೆ ಇದ್ದಾಗ ನಾವೀಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್. ರಷ್ಯಾದಲ್ಲಿ 1918ರವರೆಗೂ ಜೂಲಿಯನ್ ಕ್ಯಾಲೆಂಡರ್. ಅದು 19ನೇ ಶತಮಾನದಲ್ಲಿ 12 ದಿನ ಹಿಂದೆ, 1900ರಿಂದ 13 ದಿನ ಹಿಂದೆ. ಅಂದರೆ 1874ರಲ್ಲಿ ಹಡಗು ಹತ್ತಿದವನು ಇಲ್ಲಿ ಇಳಿದಾಗ ಅವನ ಲೆಕ್ಕ 12 ದಿನ ಮುಂದಕ್ಕೆ ಜಿಗಿಯಿತು. ಒಂದೇ ಪುಟ, ಒಂದೇ ಕೈಬರಹ. ಮೇಲಿನ ಐದು ಮಕ್ಕಳು ಹಳೆಯ ಕ್ಯಾಲೆಂಡರಿನವರು, ಕೆಳಗಿನ ಮೂವರು ಹೊಸದರವರು. ನಡುವೆ ಒಂದು ಗೆರೆಯೂ ಇಲ್ಲ. ಬರೆದವನಿಗೆ ಗೊತ್ತಿತ್ತು, ಹಾಗಾಗಿ ಗೆರೆ ಬೇಕಿರಲಿಲ್ಲ.

ಒಂದು ಮನೆಯ ಕಥೆ ಹೇಳುತ್ತೇನೆ, ಗುರುತು ಸಿಗದ ಹಾಗೆ. ಅಜ್ಜಿಯೊಬ್ಬರು ತಂದ ನೋಟ್‌ಬುಕ್ಕಿನಲ್ಲಿ ಅವರ ಮುತ್ತಜ್ಜ ಹುಟ್ಟಿದ್ದು 1862ರ ಮಾರ್ಚ್ 29. ದೊಡ್ಡಪ್ಪನ ಕಡೆಯವರ ಪಟ್ಟಿಯಲ್ಲಿ ಮಾರ್ಚ್ 17. ಎರಡೂ ಮನೆಯವರು ನಮ್ಮದೇ ಸರಿ ಅಂತ ವಾದ. ಆಮೇಲೆ ಮೆಕ್ಸಿಕೊದ ನೆಂಟರ ಮನೆಯಿಂದ ಬೈಬಲ್ ಹಾಳೆಯ ಫೋಟೊ ಬಂತು. ಚೂಪು ಚೂಪಾದ ಹಳೆಯ ಜರ್ಮನ್ ಕೈಬರಹ, ಶಾಯಿ ಕಂದಿ ಕಂದುಬಣ್ಣಕ್ಕೆ ತಿರುಗಿದೆ: ಮಾರ್ಚ್ 5, ಸೋಮವಾರ, ಬೆಳಗ್ಗೆ 4 ಗಂಟೆ.

ಏನಾಗಿತ್ತು ಅಂದರೆ, ಮೊದಲು ನಕಲು ಮಾಡಿದವರು ಹಳೆಯ ಕ್ಯಾಲೆಂಡರ್ ಅಂತ ತಿಳಿದು 12 ದಿನ ಸೇರಿಸಿದರು. ಮಾರ್ಚ್ 17 ಆಯಿತು. ಲೆಕ್ಕ ಸರಿಯೇ. ಆದರೆ ಸೇರಿಸಿದ್ದೇನೆ ಅಂತ ಎಲ್ಲೂ ಬರೆಯಲಿಲ್ಲ. ಅವರ ನಕಲನ್ನು ನಕಲು ಮಾಡಿದವರು, ಅವರೂ ಓದಿಕೊಂಡವರೇ, ‘ಓಹೋ, ರಷ್ಯಾದ ತಾರೀಖು’ ಅಂತ ಇನ್ನೊಮ್ಮೆ 12 ಸೇರಿಸಿದರು. ‘ಸೋಮವಾರ’ ಅನ್ನುವುದನ್ನು ಮೊದಲನೆಯವರೇ ಕೈಬಿಟ್ಟಿದ್ದರು, ಅದ್ಯಾಕೆ ಬೇಕು ಅಂತ. ಅದೊಂದು ಉಳಿದಿದ್ದರೆ ಜಗಳವೇ ಇರುತ್ತಿರಲಿಲ್ಲ. ಜೂಲಿಯನ್ ಮಾರ್ಚ್ 5 ಸೋಮವಾರ, ಗ್ರೆಗೋರಿಯನ್ ಮಾರ್ಚ್ 17 ಅದೇ ಸೋಮವಾರ, ಮಾರ್ಚ್ 29 ಶನಿವಾರ.

ನಮ್ಮ ಕಡೆ ಮೇಷ್ಟ್ರು ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರಲ್ಲ, ಅದು ಎಲ್ಲರಿಗೂ ಗೊತ್ತಿರುವ ಸುಳ್ಳು. ನೋಡಿದ ಕೂಡಲೇ ಅನುಮಾನ ಬರುತ್ತದೆ. ಮಾರ್ಚ್ 29 ಹಾಗಲ್ಲ. ಅಪ್ಪಟ ನಿಜದ ಹಾಗೆ ಕೂತಿರುತ್ತದೆ.

ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದಿತ್ತು, ಅದು ನನಗೆ ಜಾಸ್ತಿ ಬೇಜಾರು ತಂದದ್ದು. ಬೈಬಲ್ಲಿನಲ್ಲಿ ಕಟರೀನಾ ಅಂತ ಎರಡು ಸಲ ಇದೆ, ಎರಡು ವರ್ಷದ ಅಂತರದಲ್ಲಿ. ನಕಲು ಮಾಡಿದವರು ‘ಎರಡು ಸಲ ಬಿದ್ದಿದೆ’ ಅಂತ ಒಂದನ್ನು ತೆಗೆದಿದ್ದಾರೆ. ಮಗು ತೀರಿಕೊಂಡರೆ ಮುಂದಿನದಕ್ಕೆ ಅದೇ ಹೆಸರಿಡುವುದು ಇವರಲ್ಲಿ ಮಾಮೂಲು. ತೆಗೆದದ್ದು ತಪ್ಪನ್ನಲ್ಲ, ಒಂದು ಮಗುವನ್ನು. ಅಜ್ಜಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಪೆನ್ಸಿಲ್ ಕೇಳಿ, ಅಲ್ಲೇ ಮೊದಲ ಕಟರೀನಾಳನ್ನು ಬರೆದುಕೊಂಡರು.

ತಿದ್ದಲೇಬಾರದು ಅಂತ ನಾನು ಹೇಳುತ್ತಿಲ್ಲ. ಹಳಬರೂ ತಪ್ಪು ಬರೆಯುತ್ತಿದ್ದರು. ಕೆಲವರು ಎರಡೂ ಕ್ಯಾಲೆಂಡರಿನ ತಾರೀಖು ಬರೆದಿಟ್ಟಿರುತ್ತಾರೆ, ಇನ್ನು ಕೆಲವರು ಕೆನಡಾಕ್ಕೆ ಬಂದ ಮೇಲೆ ತಾವೇ ಹಳೆಯದನ್ನು ಬದಲಿಸಿರುತ್ತಾರೆ. ಹಾಗಾಗಿ ಹಾಳೆ ನೋಡದೆ ಯಾವ ತಾರೀಖನ್ನೂ ಸರಿ ಅಂತ ನಾನು ಹೇಳುವುದಿಲ್ಲ. ನನ್ನ ಗೋಳು ಇಷ್ಟೇ: ಮೊದಲು ಇದ್ದದ್ದನ್ನು ಇದ್ದ ಹಾಗೆ ಇಳಿಸಿ. ಕಾಗುಣಿತ ವಿಚಿತ್ರವಾಗಿದ್ದರೂ ಸರಿ, ಊರಿನ ಹೆಸರು ಈಗ ಬೇರೆಯಾಗಿದ್ದರೂ ಸರಿ, ಹುಟ್ಟಿದ ಇಪ್ಪತ್ತು ವರ್ಷಕ್ಕೆ ದೀಕ್ಷಾಸ್ನಾನ ಅಂತ ಇದ್ದರೂ ಸರಿ. ಇವರಲ್ಲಿ ಅದೇ ಸರಿ! ನಿಮ್ಮ ಅಭಿಪ್ರಾಯ ಪಕ್ಕದಲ್ಲಿ, ನಿಮ್ಮ ಹೆಸರು ಹಾಕಿ, ಬೇರೆಯಾಗಿ ಬರೆಯಿರಿ.

‘ಮೂಲ ಹೋಗಿಬಿಟ್ಟಿದೆ, ಇನ್ನು ಯಾರು ಹೋಲಿಸಿ ನೋಡುತ್ತಾರೆ?’ ಅನ್ನುವವರಿಗೆ ನಾನು ಒಡೆಸ್ಸಾ ಕಥೆ ಹೇಳುತ್ತೇನೆ. ಮೊಲೊಚ್ನಾದ ಆಡಳಿತದ ಕಾಗದಗಳನ್ನು ಪೀಟರ್ ಬ್ರಾನ್ ಎಂಬ ಶಿಕ್ಷಕ ಕ್ರಾಂತಿಯ ಗಲಾಟೆಯ ನಡುವೆ ಒಟ್ಟುಮಾಡಿದ್ದ. 1929ರಲ್ಲಿ ಸೋವಿಯತ್ ಅಧಿಕಾರಿಗಳು ಎಲ್ಲವನ್ನೂ ವಶಪಡಿಸಿಕೊಂಡರು. ನಾಶವಾಯಿತು ಅಂತಲೇ ಎಲ್ಲರೂ ಕೈಬಿಟ್ಟಿದ್ದರು. 1990ರಲ್ಲಿ ಅದು ಒಡೆಸ್ಸಾದ ಸರ್ಕಾರಿ ದಾಖಲೆಗಳ ನಡುವೆ ಸಿಕ್ಕಿತು, ಸುಮಾರು 1,40,000 ಪುಟ. ಅದರಲ್ಲಿ 1835ರ ಜನಗಣತಿಯೂ ಇತ್ತು, ಮನೆ ಮನೆಯ ಲೆಕ್ಕ. ಮೈಕ್ರೋಫಿಲ್ಮ್ ಇಲ್ಲಿಗೆ ಬಂದಾಗ ಜನ ತಮ್ಮ ತಮ್ಮ ಪಟ್ಟಿ ಹಿಡಿದುಕೊಂಡು ಹೋಲಿಸಲು ಕೂತರು. ಇದ್ದ ಹಾಗೆ ಇಳಿಸಿಕೊಂಡವರಿಗೆ ಕೆಲಸ ಸುಲಭವಾಯಿತು. ಅಜ್ಜ ‘ಸರಿಪಡಿಸಿದ’ ಪಟ್ಟಿಯವರು ಇನ್ನೂ ಕೂತಿದ್ದಾರೆ.

ಈಗ ಇನ್ನೂ ಕಷ್ಟ. ಕ್ಯಾಲಿಫೋರ್ನಿಯಾದ ಮೆನೊನೈಟ್ ಇತಿಹಾಸ ಸಂಘ ‘ಗ್ರ್ಯಾಂಡ್ಮಾ’ ಅನ್ನುವ ವಂಶಾವಳಿ ಡೇಟಾಬೇಸ್ ನಡೆಸುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಒಳ್ಳೆಯ ಕೆಲಸ, ನಾನೂ ದಿನಾ ಬಳಸುತ್ತೇನೆ. ಆದರೆ ಅದರಲ್ಲಿದ್ದರೆ ವೇದವಾಕ್ಯ ಅಂತ ತಿಳಿದು, ಮನೆಯ ಬೈಬಲ್ಲಿನ ಪಕ್ಕದಲ್ಲೇ ಪೆನ್ನಿನಲ್ಲಿ ‘ಸರಿಯಾದ ತಾರೀಖು’ ಬರೆದು ತರುವವರಿದ್ದಾರೆ. ಪೆನ್ನಿನಲ್ಲಿ! ಆ ಡೇಟಾಬೇಸಿಗೆ ಆ ತಾರೀಖು ಕೊಟ್ಟವರು ಅವರ ದಾಯಾದಿಯೇ ಇರಬಹುದು, ಅದೇ 29ನೇ ತಾರೀಖಿನ ನೋಟ್‌ಬುಕ್ಕಿನಿಂದ.

ಆದ್ದರಿಂದ ನನ್ನ ಹತ್ತಿರ ಬರುವಾಗ ನಿಮ್ಮ ನೀಟಾದ ಪಟ್ಟಿಯ ಜೊತೆ ಆ ಹರಕು ಹಾಳೆಯನ್ನೂ ತನ್ನಿ. ಲ್ಯಾಮಿನೇಷನ್ ಮಾಡಿಸಬೇಡಿ. ಫೋಟೊ ಕಳಿಸುವುದಾದರೆ ಹಾಳೆಯ ಎರಡೂ ಬದಿ, ಅಂಚು ಸಮೇತ. ನಕಲು ಮಾತ್ರ ಇದ್ದರೆ, ಯಾರು, ಯಾವಾಗ, ಯಾವುದರಿಂದ ಇಳಿಸಿದರು ಅಂತ ಗೊತ್ತಿದ್ದಷ್ಟು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ತಿದ್ದಿದ್ದು ಯಾರು ಅಂತ ಗೊತ್ತಿದ್ದರೆ ಅದನ್ನೂ ಹಾಕಿ. ನನ್ನ ಅನುಭವದಲ್ಲಿ ಅದು ಸಾಮಾನ್ಯವಾಗಿ ರಿಟೈರ್ ಆದ ಚಿಕ್ಕಪ್ಪ.